ಸ್ವಂತ ಮರಳಿನ ಅಂಕಿಗಳು: ಎಸ್‌ಜಿ ಐರನ್ ಹಬ್‌ನ ಶ್ರಿಂಕೇಜ್ ಅನ್ನು ಸಿಮ್ಯುಲೇಶನ್‌ನಲ್ಲಿ ಹಿಡಿದ ಬಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ಗ್ರೀನ್ ಸ್ಯಾಂಡ್ (ತೇವದ ಮರಳು) ಅಚ್ಚಿನಲ್ಲಿ ಎರಕ ಹೊಯ್ಯುವ ನಮ್ಮಂಥ ಸಣ್ಣ ಫೌಂಡ್ರಿಗಳಿಗೆ ಸಿಮ್ಯುಲೇಶನ್ (ಲೋಹ ಗಟ್ಟಿಯಾಗುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು) ದಕ್ಕುವ ವಸ್ತುವಲ್ಲ, ಅದಕ್ಕೆ ವರ್ಷಕ್ಕೆ ಲಕ್ಷಗಟ್ಟಲೆ ಲೈಸೆನ್ಸ್ ಹಣ ಸುರಿಯಬೇಕು, ಸುರಿದರೂ ಪರದೆಯ ಮೇಲಿನ ಚಿತ್ರ ನಮ್ಮ ಮರಳಿಗೆ ಹೊಂದುವುದಿಲ್ಲ ಎಂಬ ಮಾತನ್ನು ನಾನು ಬಹಳ ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಹಣದ ಮಾತು ಸುಳ್ಳೆಂದು ಈಗ ಧೈರ್ಯವಾಗಿ ಹೇಳಬಲ್ಲೆ. ಚಿತ್ರ ಹೊಂದುವುದಿಲ್ಲ ಎಂಬುದು ಮಾತ್ರ ನಿಜ, ಆದರೆ ನಮ್ಮ ಮರಳನ್ನು ನಾವೇ ಅಳೆದು ಅಂಕಿಗಳನ್ನು ಕೊಡುವವರೆಗೆ ಮಾತ್ರ.

ಸಮಸ್ಯೆ ಇದ್ದದ್ದು ಸುಮಾರು 38 ಕೆ.ಜಿ. ತೂಕದ, 450/10 ಗ್ರೇಡಿನ ಎಸ್‌ಜಿ ಐರನ್‌ನ (ಗ್ರ್ಯಾಫೈಟ್ ಗುಂಡುಗಳಾಗಿರುವ ಎರಕದ ಕಬ್ಬಿಣ) ಒಂದು ಹಬ್‌ನಲ್ಲಿ. ಫ್ಲ್ಯಾಂಜ್ ದಪ್ಪ 22 ಮಿ.ಮೀ., ನಡುವಿನ ಬಾಸ್‌ನ (ದಪ್ಪನೆಯ ಉಬ್ಬು ಭಾಗ) ಗೋಡೆ ಅದರ ಎರಡರಷ್ಟಕ್ಕೂ ಹೆಚ್ಚು, ಒಳಗೆ ತೂತಿನ ಜಾಗ ಉಳಿಸಲು ಶೆಲ್ ಕೋರ್ (ರಾಳದಿಂದ ಗಟ್ಟಿ ಮಾಡಿದ ಮರಳಿನ ತಿರುಳು). ಹೊರಗಿನಿಂದ ನೋಡಿದರೆ ಯಾವ ದೋಷವೂ ಕಾಣುತ್ತಿರಲಿಲ್ಲ. ಗಿರಾಕಿಯ ಮಷೀನಿನಲ್ಲಿ ಬೋರ್ ಮಾಡುವಾಗ ಎರಡನೆಯ ಕಟ್‌ಗೆ ಸ್ಪಂಜಿನಂಥ ಶ್ರಿಂಕೇಜ್ (ಗಟ್ಟಿಯಾಗುವಾಗ ಲೋಹ ಕುಗ್ಗಿ ಬಿಟ್ಟ ಟೊಳ್ಳು) ತೆರೆದುಕೊಳ್ಳುತ್ತಿತ್ತು. ತಿಂಗಳಿಗೆ 400ರ ಆಸುಪಾಸು ಹೋಗುತ್ತಿದ್ದ ನಗಗಳಲ್ಲಿ ನೂರಕ್ಕೆ 14ರಷ್ಟು ಹಿಂದಿರುಗುತ್ತಿದ್ದವು. ಲೋಹವನ್ನು ಮತ್ತೆ ಕರಗಿಸಿಕೊಳ್ಳಬಹುದು, ಆದರೆ ಮಷೀನಿಂಗ್ ಖರ್ಚಿನ ಡೆಬಿಟ್ ನೋಟು ನಗವೊಂದಕ್ಕೆ 700 ರೂಪಾಯಿಯಂತೆ ಬರುತ್ತಿತ್ತು. ಕುಗ್ಗುವ ಎರಕಕ್ಕೆ ಲೋಹ ಉಣಿಸುವ ರೈಸರ್ ದೊಡ್ಡದು ಮಾಡಿದೆವು, ನಂತರ ಎರಡು ರೈಸರ್ ಇಟ್ಟೆವು. ಯೀಲ್ಡ್ (ಹೊಯ್ದ ಲೋಹದಲ್ಲಿ ನಗವಾಗಿ ಉಳಿಯುವ ಪಾಲು) ನೂರಕ್ಕೆ 54ಕ್ಕೆ ಇಳಿಯಿತೇ ಹೊರತು ಶ್ರಿಂಕೇಜ್ ಅಲ್ಲಿಂದ ಕದಲಲಿಲ್ಲ.

ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ 64 ಜಿ.ಬಿ. ಮೆಮೊರಿಯ ಹಳೆಯ ಕ್ಸಿಯಾನ್ ವರ್ಕ್‌ಸ್ಟೇಷನ್ ಒಂದನ್ನು ಐವತ್ತು ಸಾವಿರದೊಳಗೆ ತಂದೆ. ಮೆಷ್‌ಗೆ (ಆಕಾರವನ್ನು ಎಲಿಮೆಂಟು ಎಂಬ ಸಣ್ಣ ತುಣುಕುಗಳಾಗಿ ಒಡೆಯಲು) ಜಿಮೆಶ್, ಲೆಕ್ಕಕ್ಕೆ ಎಲ್ಮರ್, ಚಿತ್ರ ನೋಡಲು ಪ್ಯಾರಾವ್ಯೂ. ಮೂರಕ್ಕೂ ಬಿಡಿಗಾಸಿನ ಖರ್ಚಿಲ್ಲ. ಕಾಲು ಭಾಗದ ಮಾದರಿ ಮಾಡಿ, ರೈಸರ್ ಎರಕಕ್ಕೆ ಸೇರುವ ಕುತ್ತಿಗೆಯ ಬಳಿ ತುಣುಕಿನ ಅಳತೆ 2 ಮಿ.ಮೀ., ಹೊರಗಿನ ಮರಳಿನಲ್ಲಿ 10 ಮಿ.ಮೀ. ಇಟ್ಟುಕೊಂಡರೆ ಆರೇಳು ಲಕ್ಷ ಎಲಿಮೆಂಟುಗಳಾಗುತ್ತವೆ, ಒಂದು ರನ್ ಸುಮಾರು ಮೂರು ಗಂಟೆಯಲ್ಲಿ ಮುಗಿಯುತ್ತದೆ. ಸುಪ್ತೋಷ್ಣಕ್ಕೆ (ಗಟ್ಟಿಯಾಗುವಾಗ ಲೋಹ ಬಿಡುವ ಶಾಖ) ಎಲ್ಮರ್‌ನಲ್ಲಿರುವ ಫೇಸ್ ಚೇಂಜ್ ಆಯ್ಕೆಗಳಲ್ಲಿ ನನಗೆ ಸ್ಥಿರವಾಗಿ ನಡೆದದ್ದು ‘ಸ್ಪೇಶಿಯಲ್ 2’. ಯುಪಿಎಸ್ ಇಲ್ಲದೆ ರಾತ್ರಿ ರನ್ ಹಚ್ಚಬೇಡಿ. ಹಚ್ಚಲೇಬೇಕಾದರೆ ನಡುನಡುವೆ ಫಲಿತಾಂಶದ ಕಡತ ಉಳಿಯುವಂತೆ ಮಾಡಿಕೊಳ್ಳಿ.

ಮೊದಲ ಹತ್ತಾರು ರನ್‌ಗಳು ಯಾವ ಪ್ರಯೋಜನಕ್ಕೂ ಬರಲಿಲ್ಲ. ಪುಸ್ತಕದಲ್ಲಿರುವ ಒಣ ಸಿಲಿಕಾ ಮರಳಿನ ಗುಣಾಂಕಗಳನ್ನೇ ಕೊಟ್ಟಿದ್ದರಿಂದ ಬಾಸ್ ಗಟ್ಟಿಯಾಗಲು 11 ನಿಮಿಷ ಬೇಕೆಂದು ಲೆಕ್ಕ ಹೇಳಿತು. ಹಾಟ್‌ಸ್ಪಾಟ್ (ಕೊನೆಗೆ ಗಟ್ಟಿಯಾಗುವ ಜಾಗ) ಬಾಸ್‌ನ ಮೇಲ್ತುದಿಯಲ್ಲಿ, ರೈಸರ್‌ಗೆ ಅಂಟಿಕೊಂಡಂತೆ ಕಾಣಿಸಿತು. ಆ ಚಿತ್ರದ ಪ್ರಕಾರ ನಮ್ಮ ಎರಕದಲ್ಲಿ ದೋಷವೇ ಇರಬಾರದು. ಮೂವತ್ತು ವರ್ಷದಿಂದ ಪ್ಯಾಟರ್ನ್ ಮಾಡುತ್ತಿರುವ ನಮ್ಮ ಹಿರಿಯರು ಅದನ್ನು ನೋಡಿ, ಈ ಹಣದಲ್ಲಿ ಎರಡು ಹೊಸ ಕೋರ್ ಬಾಕ್ಸ್ ಬರುತ್ತಿದ್ದವು ಎಂದರು. ಗಿರಾಕಿಯ ಕ್ವಾಲಿಟಿ ವಿಭಾಗದವರು ಚಿತ್ರಗಳನ್ನು ತೆರೆದೂ ನೋಡಲಿಲ್ಲ.

ದಾರಿ ತೆರೆದದ್ದು ತಾಪ ಅಳೆಯುವ ತರ್ಮೋಕಪಲ್‌ಗಳಿಂದ. ಲೋಹದ ಮುಖದಿಂದ 5, 15 ಮತ್ತು 30 ಮಿ.ಮೀ. ದೂರದಲ್ಲಿ, ಮರಳಿನೊಳಗೆ ಕೆ-ಟೈಪ್ ತಂತಿಗಳನ್ನು ಹೂತು, ಬಾಸ್‌ನ ನಡುವೆ ಕ್ವಾರ್ಟ್ಜ್ ಕೊಳವೆಯಲ್ಲಿ ಇನ್ನೊಂದನ್ನು ಇಳಿಸಿ, 1380 ಡಿಗ್ರಿಯ ಲೋಹ ಹೊಯ್ದು ಲಾಗರ್‌ನಲ್ಲಿ ದಾಖಲಿಸಿದೆವು. 30 ಮಿ.ಮೀ. ದೂರದ ರೇಖೆ ಬೇಗಬೇಗ 100 ಡಿಗ್ರಿಗೆ ಏರಿ, ಅಲ್ಲಿಯೇ ಕೆಲವು ನಿಮಿಷ ಅಲುಗಾಡದೆ ನಿಂತು, ಆಮೇಲೆ ಮೇಲೇರಿತು. ಒಳಪದರದ ತೇವ ಆವಿಯಾಗಿ ಹೊರಪದರದ ತಂಪು ಮರಳಿನಲ್ಲಿ ಮತ್ತೆ ನೀರಾಗುತ್ತದೆ, ಅದು ಪೂರ್ತಿ ಆರುವವರೆಗೆ ಆ ಜಾಗ 100 ಡಿಗ್ರಿ ದಾಟುವುದಿಲ್ಲ. ನಮ್ಮ ಮರಳಿನಲ್ಲಿ ತೇವ ಸುಮಾರು ನೂರಕ್ಕೆ 3.5. ಒಂದು ಕೆ.ಜಿ. ನೀರು ಆವಿಯಾಗಲು 2257 ಕಿಲೋಜೌಲ್ ಬೇಕೆಂದರೆ, ಕೆ.ಜಿ. ಮರಳೊಂದು ಬರೀ ಈ ತೇವದಿಂದಲೇ 79 ಕಿಲೋಜೌಲ್‌ನಷ್ಟು ಶಾಖ ನುಂಗುತ್ತದೆ. ಒಣ ಮರಳಿನ ಕೋಷ್ಟಕದಲ್ಲಿ ಇದಕ್ಕೆ ಜಾಗವೇ ಇಲ್ಲ. ಈ ಶಾಖವನ್ನು 100 ಡಿಗ್ರಿಯ ಸುತ್ತ ಉಷ್ಣಧಾರಣೆಯ ಒಂದು ಉಬ್ಬಾಗಿ ಸೇರಿಸಿದೆ. ಉಬ್ಬಿನ ಅಗಲವನ್ನು ಎಷ್ಟಿಟ್ಟೆ ಎಂಬುದನ್ನು ಇಲ್ಲಿ ಹೇಳಲಾರೆ, ನಿಮ್ಮ ಲಾಗರ್‌ನ ರೇಖೆಯೇ ಅದನ್ನು ನಿಮಗೆ ಹೇಳುತ್ತದೆ. ಬಾಸ್‌ನ ಸಮಯ ಲೆಕ್ಕದಲ್ಲಿ ಎಂಟೂವರೆ ನಿಮಿಷಕ್ಕೆ ಇಳಿಯಿತು. ತರ್ಮೋಕಪಲ್ ತೋರಿಸಿದ್ದು ಎಂಟು ನಿಮಿಷ ಚಿಲ್ಲರೆ.

ಎರಡನೆಯ ತಿದ್ದುಪಡಿ ಕೋರ್‌ನದು. ಸುತ್ತಲೂ ಲೋಹವಿರುವ ಕೋರ್ ಮೂರ್ನಾಲ್ಕು ನಿಮಿಷದಲ್ಲಿ ಕಾದು ತುಂಬಿ, ಮುಂದೆ ಶಾಖ ಹೀರುವುದನ್ನೇ ನಿಲ್ಲಿಸುತ್ತದೆ. ಅದಕ್ಕೆ ಹೊರಗಿನ ಮರಳಿನ ಗುಣಗಳನ್ನು ಕೊಡದೆ ಪ್ರತ್ಯೇಕ ಅಂಕಿ ಕೊಟ್ಟ ಮೇಲೆ ಹಾಟ್‌ಸ್ಪಾಟ್ ಮೇಲ್ತುದಿಯನ್ನು ಬಿಟ್ಟು ಕೆಳಗಿಳಿದು, ಬೋರ್‌ನ ಮುಖದಿಂದ 12–15 ಮಿ.ಮೀ. ಒಳಗೆ ಬಂದು ಕುಳಿತಿತು. ವಾಪಸು ಬಂದ ಹಬ್ ಒಂದನ್ನು ಸೀಳಿ ಪಕ್ಕದಲ್ಲಿಟ್ಟೆ. ಶ್ರಿಂಕೇಜ್ ಅದೇ ಜಾಗದಲ್ಲಿತ್ತು. ಪ್ಯಾಟರ್ನ್ ಹಿರಿಯರು ಅಂದಿನಿಂದ ಪ್ರತಿ ರನ್ ನೋಡಲು ತಾವಾಗಿಯೇ ಬರುತ್ತಾರೆ.

ಎಸ್‌ಜಿ ಐರನ್‌ನಲ್ಲಿ ಹಾಟ್‌ಸ್ಪಾಟ್ ತಿಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಉಕ್ಕಿಗೆಂದು ಹುಟ್ಟಿದ ನಿಯಾಮಾ ಎಂಬ ಶ್ರಿಂಕೇಜ್ ಮಾನದಂಡವನ್ನು ಇಲ್ಲಿ ಹಚ್ಚಿ ನೋಡಿದರೆ ಎಲ್ಲೆಡೆ ದೋಷದ ಕೆಂಪೇ ಕಾಣುತ್ತದೆ, ಏಕೆಂದರೆ ಗ್ರ್ಯಾಫೈಟ್ ಹಿಗ್ಗಿ ತಾನೇ ಖಾಲಿ ತುಂಬುವುದನ್ನು ಅದು ಎಣಿಸುವುದಿಲ್ಲ. ನಾನು ನೋಡುವುದು ಒಂದೇ ಸಂಗತಿಯನ್ನು: ರೈಸರ್‌ನ ಕುತ್ತಿಗೆ ಯಾವ ಗಳಿಗೆಯಲ್ಲಿ ಮುಚ್ಚುತ್ತದೆ ಮತ್ತು ಆಗ ಬಾಸ್‌ನಲ್ಲಿ ಎಷ್ಟು ಭಾಗ ಗಟ್ಟಿಯಾಗಿದೆ ಎಂಬುದು. ಬೇಗ ಮುಚ್ಚಿದರೆ ದ್ರವದ ಕುಗ್ಗುವಿಕೆಗೆ ಲೋಹ ಸಿಗದು. ತಡವಾದರೆ ಹಿಗ್ಗಿದ ಒತ್ತಡವೆಲ್ಲ ರೈಸರ್‌ಗೆ ವಾಪಸು ಹೋಗಿ ಬಾಸ್‌ನ ಒಳಗೆ ಏನೂ ಉಳಿಯುವುದಿಲ್ಲ. ನಮ್ಮ ಹಳೆಯ ವಿನ್ಯಾಸದಲ್ಲಿ ಕುತ್ತಿಗೆ ತೀರ ಬೇಗ ಮುಚ್ಚುತ್ತಿತ್ತು, ಆದ್ದರಿಂದಲೇ ರೈಸರ್ ಎಷ್ಟು ದೊಡ್ಡದಾದರೂ ಫಲವಿರಲಿಲ್ಲ. ನಾನು ಗುರಿಯಾಗಿಟ್ಟುಕೊಂಡ ಶೇಕಡಾವಾರನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನಮ್ಮ ಕಾರ್ಬನ್, ಸಿಲಿಕಾನ್ ಮತ್ತು ಇನಾಕ್ಯುಲೆಂಟ್‌ಗೆ (ಗ್ರ್ಯಾಫೈಟ್ ಹುಟ್ಟಲು ಬೆರೆಸುವ ವಸ್ತು) ಹೊಂದಿಸಿದ ಆ ಅಂಕಿ ನಮ್ಮ ದುಡಿಮೆ. ಜೊತೆಗೆ ಅಚ್ಚಿನ ಗಡಸುತನ ಬಿ-ಸ್ಕೇಲಿನಲ್ಲಿ 90 ದಾಟಿರಲೇಬೇಕು, ಇಲ್ಲವಾದರೆ ಹಿಗ್ಗುವ ಲೋಹ ಮರಳಿನ ಗೋಡೆಯನ್ನೇ ಹಿಂದಕ್ಕೆ ತಳ್ಳುತ್ತದೆ. ಇದನ್ನು ನನ್ನ ಉಷ್ಣದ ಲೆಕ್ಕ ನೋಡಲಾರದು, ಕೈಯಲ್ಲಿರುವ ಮೀಟರ್ ಮಾತ್ರ ನೋಡಬಲ್ಲದು.

ಕಡೆಗೆ ನಿಂತ ವಿನ್ಯಾಸದಲ್ಲಿ ಒಂದೇ ರೈಸರ್, ಅಗಲವಾದ ಗಿಡ್ಡ ಕುತ್ತಿಗೆ, ಬಾಸ್‌ನ ತಳಕ್ಕೆ ಒಂದು ಚಿಲ್ (ಲೋಹವನ್ನು ಬೇಗ ತಣಿಸುವ ಕಬ್ಬಿಣದ ತುಂಡು). ಚಿಲ್‌ಗೆ 15, 25, 40 ಮಿ.ಮೀ. ದಪ್ಪಗಳನ್ನು ಲೆಕ್ಕ ಹಾಕಿ ನೋಡಿದೆ. ಈ ಬಾಸ್‌ಗೆ 25ರ ಮೇಲೆ ದಪ್ಪ ಹೆಚ್ಚಿಸುವುದು ಕಬ್ಬಿಣ ಹೊರುವ ಕೆಲಸ ಮಾತ್ರ. ಯೀಲ್ಡ್ 66 ಆಯಿತು, ಅಂದರೆ ನಗಕ್ಕೆ ಹನ್ನೆರಡು ಹದಿಮೂರು ಕೆ.ಜಿ. ಲೋಹ ಕಡಿಮೆ ಹೊಯ್ಯುತ್ತೇವೆ. ತಿಂಗಳಿಗೆ 5 ಟನ್, ಕರಗಿಸಲು ಟನ್ನಿಗೆ 600ಕ್ಕೆ ಮೇಲ್ಪಟ್ಟು ಯೂನಿಟ್ ವಿದ್ಯುತ್ತು. ರಿಜೆಕ್ಷನ್ ನೂರಕ್ಕೆ ಎರಡು ಮೂರಕ್ಕೆ ಬಂದಿದೆ. ವಿದ್ಯುತ್ತು, ಡೆಬಿಟ್ ನೋಟು, ಮರುದುಡಿಮೆ ಎಲ್ಲ ಸೇರಿ ತಿಂಗಳಿಗೆ ಒಂದು ಲಕ್ಷದ ಮೇಲೆ ಉಳಿಯುತ್ತಿದೆ. ಕಂಪ್ಯೂಟರ್, ಲಾಗರ್, ತಂತಿ ಎಲ್ಲದಕ್ಕೂ ನಾನು ಹಾಕಿದ್ದು ಒಂದು ಲಕ್ಷದ ಒಳಗೆ.

ಲೋಹ ತುಂಬುವುದನ್ನೂ ಓಪನ್‌ಫೋಮ್ ಎಂಬ ದ್ರವದ ಹರಿವಿನ ತಂತ್ರಾಂಶದಲ್ಲಿ ಮಾಡಿ ನೋಡಿದೆ. ಕಾಲದ ಹೆಜ್ಜೆ ಅಷ್ಟು ಚಿಕ್ಕದಾಗಿ ಇಡಬೇಕಾಯಿತೆಂದರೆ, ಹತ್ತು ಹನ್ನೆರಡು ಸೆಕೆಂಡಿನ ಹೊಯ್ಗೆಗೆ ಯಂತ್ರ ದಿನಗಟ್ಟಲೆ ಓಡಿತು. ಅದರಿಂದ ಸಿಕ್ಕ ಲಾಭ, ಫ್ಲ್ಯಾಂಜ್‌ನ ತುದಿ ತಲುಪುವಷ್ಟರಲ್ಲಿ ಲೋಹ 30–40 ಡಿಗ್ರಿ ಕಳೆದುಕೊಳ್ಳುತ್ತದೆಂಬ ಅಂದಾಜು. ಈಗ ಅದನ್ನು ನೇರವಾಗಿ ಆರಂಭದ ತಾಪಮಾನದಲ್ಲೇ ಕಳೆದುಬಿಡುತ್ತೇನೆ.

ಈಗ ನಡೆಯುತ್ತಿರುವುದು ರೈಸರ್‌ನ ಶಾಖ ಹಿಡಿದಿಡುವ ಸ್ಲೀವ್‌ನ ಪ್ರಯೋಗ. ಖಾನಾಪುರದ ಕಡೆಯ ಅಕ್ಕಿ ಗಿರಣಿಯ ಉಮಿ ಬೂದಿಗೆ ಸೋಡಿಯಂ ಸಿಲಿಕೇಟ್ ಬೆರೆಸಿ, ಒಣಗಿಸಿ ರೈಸರ್‌ಗೆ ಸುತ್ತುತ್ತಿದ್ದೇವೆ. ತರ್ಮೋಕಪಲ್ ರೇಖೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಅದರ ಉಷ್ಣವಾಹಕತೆ ತೆಗೆದುಕೊಂಡಿದ್ದೇನೆ. ರೈಸರ್ ಮೊದಲಿಗಿಂತ ಕಾಲು ಭಾಗ ಹೆಚ್ಚು ಹೊತ್ತು ದ್ರವವಾಗಿರುತ್ತದೆ. ಬೂದಿಯ ಪ್ರಮಾಣ ಇನ್ನೂ ನಿಂತಿಲ್ಲ, ಸಿಲಿಕೇಟ್ ಹೆಚ್ಚಾದರೆ ಸ್ಲೀವ್ ಬಿರಿಯುತ್ತಿದೆ. ಅದು ಕೈಗೂಡಿದರೆ ಯೀಲ್ಡ್ 70ರ ಹತ್ತಿರ ಬರಬೇಕೆಂದು ಲೆಕ್ಕ ಹೇಳುತ್ತಿದೆ, ಮುಂದಿನ ಹೀಟ್‌ಗಳಲ್ಲಿ (ಕುಲುಮೆಯ ಸರದಿಗಳಲ್ಲಿ) ಅದನ್ನೇ ಹೊಯ್ದು ನೋಡುತ್ತೇನೆ.