ಓಸೇಜ್ ಕೊಲೆಗಳು: ವಂಶವೃಕ್ಷ ಬರೆದ ಮೇಲೆ ನನಗೆ ಕಂಡಿದ್ದು

ಅಮೆರಿಕದ ಒಕ್ಲಹೋಮಾದಲ್ಲಿ ಓಸೇಜ್ ಕೌಂಟಿ ಅಂತ ಇದೆ. 1920ರ ದಶಕದಲ್ಲಿ ಅಲ್ಲಿ ಓಸೇಜ್ ಬುಡಕಟ್ಟಿನ ಜನ ಒಬ್ಬರಾದ ಮೇಲೆ ಒಬ್ಬರು ಸತ್ತರು. ಇದರ ಬೆನ್ನು ಹತ್ತಿದಾಗ ನಾನು ಮೊದಲು ಮಾಡಿದ ತಪ್ಪು ಅಂದರೆ, ಹಳೇ ಪತ್ರಿಕೆಗಳಲ್ಲಿ ಸುಮ್ನೆ 'ಮರ್ಡರ್' ಅಂತ ಹುಡುಕಿದ್ದು. ಗುಂಡೇಟು ಸಿಕ್ಕಿತು, ಬಾಂಬು ಸಿಕ್ಕಿತು. ವಿಷದ ಅನುಮಾನ ಇದ್ದ ಸಾವುಗಳು ಸಿಗಲಿಲ್ಲ. ಅವು ಕಾಯಿಲೆ ಅಂತಲೋ ಕುಡಿತ ಅಂತಲೋ ದಾಖಲಾಗಿದ್ದವು.

ಆಮೇಲೆ ಎಫ್‌ಬಿಐ ಆನ್‌ಲೈನ್‌ನಲ್ಲಿ ಇಟ್ಟಿರುವ ಹಳೇ ತನಿಖಾ ಕಡತಕ್ಕೆ ಬಂದೆ. ಮೂರು ಸಾವಿರಕ್ಕೂ ಜಾಸ್ತಿ ಪುಟ, ಟೈಪ್‌ರೈಟರ್ ಅಕ್ಷರ, ಎಷ್ಟೋ ಕಡೆ ಮಸಿ ಹರಡಿ ಓದೋಕೇ ಆಗಲ್ಲ. ಮೊದಲಿಂದ ಓದುತ್ತಾ ಹೋದರೆ ಹೆಸರುಗಳಲ್ಲೇ ಕಳೆದುಹೋಗುತ್ತೀವಿ. ಕೊಲೆಯಾದವರಲ್ಲೊಬ್ಬ ಹೆನ್ರಿ ರೋನ್ ಎಂಬವನೇ ಇನ್ನೊಂದು ಕಡೆ ಹೆನ್ರಿ ರೋನ್ ಹಾರ್ಸ್.

ಆಗ ನೆನಪಾಗಿದ್ದು ಊರಲ್ಲಿ ಪೌತಿ ಖಾತೆಗೆ ಬರೆಸುವ ವಂಶವೃಕ್ಷ. ಒಂದು ದೊಡ್ಡ ಹಾಳೆ ತಗೊಂಡೆ. ಯಾರು ಸತ್ತರು ಅನ್ನೋದರ ಪಕ್ಕದಲ್ಲೇ ಅವರ ಪಾಲು ಯಾರಿಗೆ ಹೋಗುತ್ತಿತ್ತು ಅಂತ ಬರೆದೆ.

ಇಲ್ಲಿ 1906ರ ಕಾನೂನು ಗೊತ್ತಿರಬೇಕು. ನೆಲದಡಿಯ ಎಣ್ಣೆಯ ಹಕ್ಕು ಇಡೀ ಬುಡಕಟ್ಟಿನದು. ಪಟ್ಟಿಯಲ್ಲಿದ್ದ 2,229 ಜನರಿಗೆ ತಲಾ ಒಂದು ಪಾಲು, ಅದಕ್ಕೆ ಹೆಡ್‌ರೈಟ್ ಅಂತ ಹೆಸರು. ಆ ಜನ ಅದನ್ನು ಮಾರುವಂತಿರಲಿಲ್ಲ, ಸತ್ತರೆ ವಾರಸುದಾರರಿಗೆ ಹೋಗುತ್ತಿತ್ತು. ಹಾಗಾಗಿ ಹೊರಗಿನವನಿಗೆ ಅದು ಸಿಗಬೇಕಾದರೆ ಮದುವೆ ಆಗಬೇಕು, ಮತ್ತೆ ಯಾರಾದರೂ ಸಾಯಬೇಕು.

ಲಿಜ್ಜಿ ಎಂಬ ತಾಯಿಗೆ ನಾಲ್ಕು ಹೆಣ್ಣುಮಕ್ಕಳು. 1918ರಲ್ಲಿ ಮಿನ್ನಿ ಹೋದಳು, ಕಾಯಿಲೆ ಅಂದರು. 1921ರ ಮೇ ತಿಂಗಳಲ್ಲಿ ಫೇರ್‌ಫ್ಯಾಕ್ಸ್ ಹತ್ತಿರ ಹಳ್ಳದಲ್ಲಿ ಆ್ಯನಾ ಹೆಣ ಸಿಕ್ಕಿತು, ತಲೆಗೆ ಗುಂಡು. ಜುಲೈನಲ್ಲಿ ಲಿಜ್ಜಿ. 1923ರ ಮಾರ್ಚ್ 10ರ ನಸುಕಿಗೆ ಮನೆಗೆ ಬಾಂಬಿಟ್ಟು ರೀಟಾಳನ್ನೂ ಕೆಲಸದ ಹುಡುಗಿಯನ್ನೂ ಕೊಂದರು, ಗಂಡ ನಾಲ್ಕು ದಿನ ನರಳಿ ಸತ್ತ. ಹಾಳೆಯಲ್ಲಿ ಬಾಣದ ಗುರುತು ಹಾಕುತ್ತಾ ಬಂದರೆ ಎಲ್ಲ ಬಾಣವೂ ಉಳಿದೊಬ್ಬ ಮಗಳು ಮೊಲ್ಲಿಯ ಕಡೆಗೇ ತಿರುಗಿತ್ತು, ಅವಳ ಗಂಡ ಅರ್ನೆಸ್ಟ್ ಬರ್ಕ್‌ಹಾರ್ಟ್, ಅವನ ಸೋದರಮಾವ ದನ ಸಾಕಿ ದುಡ್ಡು ಮಾಡಿದ ಊರಿನ ದೊಡ್ಡ ಸಾಹುಕಾರ ವಿಲಿಯಂ ಹೇಲ್. ಮನೆಯೊಳಗಿನವನೇ, ಪಕ್ಕದಲ್ಲಿ ಕೂತು ಊಟ ಮಾಡುವವನೇ! ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ರೋನ್ ಮಾತ್ರ ಈ ಮರದಲ್ಲಿ ಕೂರಲಿಲ್ಲ. ಅವನದು ವಿಮೆ, 25,000 ಡಾಲರ್, ಹಣ ಹೋಗಬೇಕಿದ್ದದ್ದು ಹೇಲ್‌ಗೆ. ಹೆಣ ಸಿಕ್ಕ ಜಾಗವನ್ನೂ ಬರೆದುಕೊಳ್ಳಬೇಕು ಅಂತ ಕಲಿತಿದ್ದು ಇವನಿಂದಲೇ. ಆ ಜಮೀನು ಕೇಂದ್ರ ಸರ್ಕಾರದ ನಿರ್ಬಂಧದಲ್ಲಿದ್ದ 'ಇಂಡಿಯನ್', ಅಂದರೆ ಅಮೆರಿಕದ ಮೂಲನಿವಾಸಿಗಳ ಜಮೀನು, ಅದಕ್ಕೇ ಕೇಸು ಫೆಡರಲ್ ಕೋರ್ಟಿಗೆ ಹೋಯಿತು. 1929ರಲ್ಲಿ ಹೇಲ್‌ಗೆ ಜೀವಾವಧಿ ಆಯಿತು. 1947ರಲ್ಲಿ ಪೆರೋಲ್ ಮೇಲೆ ಹೊರಗೆ ಬಂದ.

ಈಗ ಗಾರ್ಡಿಯನ್‌ಗಳ ಲೆಕ್ಕಕ್ಕೆ ಕೈ ಹಾಕಿದ್ದೇನೆ. ಓಸೇಜ್ ಜನರ ದುಡ್ಡು ನೋಡಿಕೊಳ್ಳಲು ಕೋರ್ಟು ನೇಮಿಸಿದ ಬಿಳಿಯರು ಇವರು. ಇವರ ಕೈಕೆಳಗೆ ಸತ್ತವರಲ್ಲಿ ಎಷ್ಟೋ ಜನರ ಬಗ್ಗೆ ಯಾರೂ ಕೇಸೇ ಹಾಕಲಿಲ್ಲ. ಅವರಿಗೆ ಬೇರೆ ಹಾಳೆ ಬೇಕು.