ಬೀಗ ಆ ಕೋಣೆಯದ್ದೇ ಆಗಿರಬೇಕು

ಎಸ್ಕೇಪ್ ರೂಮ್, ಅಂದರೆ ಒಗಟು ಬಿಡಿಸಿ ಕೋಣೆಯಿಂದ ಹೊರಬರುವ ಆಟ, ಆಡಿ ಬಂದವರು ಸಿಕ್ಕರೆ "ಹೊರಗೆ ಬಂದ್ರಾ?" ಅಂತ ನಾನು ಕೇಳುವುದಿಲ್ಲ. "ಒಳಗೆ ಏನೇನು ಮಾಡಿದ್ರಿ?" ಅಂತ ಕೇಳುತ್ತೇನೆ. ಪೈಪಿನ ಚಕ್ರ ತಿರುಗಿಸಿದೆವು, ಕಂಬಿಯ ಸಂದಿಯಲ್ಲಿ ಕೈ ಹಾಕಿ ಕೀಲಿಕೈ ಎಳೆದುಕೊಂಡೆವು ಅಂದರೆ ಅದು ಒಳ್ಳೆಯ ಕೋಣೆ. ನಾಲ್ಕಂಕಿಯ ಬೀಗ ತೆಗೆದೆವು, ಆಮೇಲೆ ಇನ್ನೊಂದು ನಾಲ್ಕಂಕಿಯ ಬೀಗ, ಆಮೇಲೆ ಮತ್ತೊಂದು ಅಂದರೆ ಗೋಡೆಗೆ ಯಾವ ಚಿತ್ರ ಬರೆಸಿದ್ದರೂ ಅಷ್ಟೇ. ಜೈಲಾಗಲಿ, ಪಿರಮಿಡ್ಡಾಗಲಿ, ಭೂತದ ಮನೆಯಾಗಲಿ, ಅಲ್ಲಿ ಕೈಗೆ ಸಿಗುವ ಕೆಲಸ ಆ ಜಾಗದ್ದೇ ಆಗಿರಬೇಕು. ಬೇರೆ ಬೇರೆ ಥೀಮಿನ ಕೋಣೆಗಳನ್ನು ಆಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇದೇ. ಅದು ನಿಜವೋ ಅಲ್ಲವೋ ನೋಡಬೇಕು ಅಂತಲೇ ಶಿರಸಿ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ನಾನೇ ಒಂದು ಕೋಣೆ ಮಾಡಿದೆ.

ಆಡದವರಿಗೆ ಎರಡು ಮಾತು. ಒಂದು ತಂಡ ಕೋಣೆಯೊಳಗೆ ಹೋಗುತ್ತದೆ. ಸಾಮಾನ್ಯವಾಗಿ 60 ನಿಮಿಷ ಸಮಯ. ಅಷ್ಟರಲ್ಲಿ ಸುಳಿವು ಹುಡುಕಿ, ಒಂದಕ್ಕೊಂದು ಜೋಡಿಸಿ, ಒಂದೊಂದೇ ಬೀಗ ತೆಗೆದು ಹೊರಬರಬೇಕು. ಹೊರಗೆ ಒಬ್ಬರು ಕ್ಯಾಮೆರಾದಲ್ಲಿ ನೋಡುತ್ತ ಕೂತಿರುತ್ತಾರೆ. ಅವರಿಗೆ ಗೇಮ್ ಮಾಸ್ಟರ್ ಅನ್ನುತ್ತಾರೆ. ಸಿಕ್ಕಿಬಿದ್ದಾಗ ಸುಳಿವು ಕೊಡುವವರು ಅವರೇ. ಕಂಪ್ಯೂಟರಿನಲ್ಲಿ ಇಂಥ ಆಟಗಳು ಮೊದಲೇ ಇದ್ದವು. ಅದನ್ನು ನಿಜವಾದ ಕೋಣೆಗೆ ತಂದವರು ಜಪಾನಿನ ತಕಾವೊ ಕಾಟೊ ಅನ್ನುತ್ತಾರೆ, 2007ರಲ್ಲಿ, ಕ್ಯೋಟೊದಲ್ಲಿ. 2011ರಲ್ಲಿ ಹಂಗೇರಿಯ ಬುಡಾಪೆಸ್ಟಿನಲ್ಲೂ ಶುರುವಾಯಿತು. ಅಲ್ಲಿಂದ ಯುರೋಪಿನ ತುಂಬ ಹಬ್ಬಿತು. ನಾನು ಆಡಿದ್ದೆಲ್ಲ ಬೆಂಗಳೂರು ಮತ್ತು ಪುಣೆಯಲ್ಲಿ, ಕೆಲಸದ ಮೇಲೆ ಹೋದಾಗ ಸಂಜೆ ಬಿಡುವು ಮಾಡಿಕೊಂಡು.

ಥೀಮುಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಜೈಲು. ಒಳ್ಳೆಯ ಜೈಲು ಕೋಣೆಯಲ್ಲಿ ತಂಡವನ್ನು ಎರಡು ಭಾಗ ಮಾಡಿ ಬೇರೆ ಬೇರೆ ಸೆಲ್ಲಿಗೆ ಹಾಕುತ್ತಾರೆ. ಒಬ್ಬರಿಗೊಬ್ಬರು ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ಪುಣೆಯ ಒಂದು ಕೋಣೆಯಲ್ಲಿ ನನ್ನ ಕಡೆ ಗೋಡೆಯ ಮೇಲೆ ಕೈದಿಗಳು ದಿನ ಎಣಿಸಿದ ಗೀಟುಗಳಿದ್ದವು. ನಾಲ್ಕು ಉದ್ದ ಗೀಟು, ಮೇಲೊಂದು ಅಡ್ಡ ಗೀಟು, ಹಾಗೆ ಗುಂಪು ಗುಂಪು. ಆ ಕಡೆಯವರ ಕೈಯಲ್ಲಿ ಜೈಲಿನ ರಿಜಿಸ್ಟರ್. ಯಾವ ಕೈದಿ ಎಷ್ಟು ದಿನ ಇದ್ದ ಅಂತ ಅದರಲ್ಲಿ ಬರೆದಿತ್ತು, ಯಾರು ಯಾವ ಮೂಲೆಯಲ್ಲಿ ಮಲಗುತ್ತಿದ್ದ ಅಂತ ಇರಲಿಲ್ಲ. ನಾನು ಎಣಿಸಿ ಕೂಗಬೇಕು, ಅವರು ಹುಡುಕಿ ಹೆಸರು ಹೇಳಬೇಕು, ಆ ಹೆಸರಿನ ಕೈದಿಯ ಹಾಸಿಗೆ ಕೆಳಗೆ ನಾನು ಕೈ ಹಾಕಬೇಕು. ಒಂದೂ ಅಂಕಿ ಬೀಗ ಇರಲಿಲ್ಲ. ಆದರೂ ಬೆವರು ಇಳಿಯಿತು. ಆ ಒಗಟನ್ನು ಎತ್ತಿ ಬೇರೆ ಥೀಮಿಗೆ ಹಾಕಲು ಆಗುವುದಿಲ್ಲ, ಅಲ್ವಾ? ಗೋಡೆ ನಡುವೆ ಇದೆ ಅನ್ನುವುದೇ ಅಲ್ಲಿನ ಒಗಟು.

ಎರಡನೆಯದು ಸಬ್‌ಮರೀನ್. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿರುವ ಐಎನ್‌ಎಸ್ ಚಾಪೆಲ್ ಯುದ್ಧನೌಕೆಯ ಒಳಗೆ ಹೋಗಿ ಬಂದವರಿಗೆ ಇದು ಬೇಗ ಅರ್ಥವಾಗುತ್ತದೆ. ತಲೆ ಬಗ್ಗಿಸಿ ನಡೆಯುವ ದಾರಿ, ಎಲ್ಲಿ ನೋಡಿದರೂ ಪೈಪು, ಸ್ವಿಚ್ಚು, ಮೀಟರು. ಇಂಥ ಜಾಗದಲ್ಲಿ ಒಬ್ಬರ ಕೈಯಿಂದ ಎಲ್ಲ ಕೆಲಸ ಆಗುವುದಿಲ್ಲ ಅಂತ ಕಣ್ಣಿಗೇ ಕಾಣುತ್ತದೆ. ಬೆಂಗಳೂರಿನಲ್ಲಿ ನಾನು ಆಡಿದ ಸಬ್‌ಮರೀನ್ ಕೋಣೆ ಕಟ್ಟಿದವರಿಗೆ ಇದು ಗೊತ್ತಿತ್ತು. ಮೂರು ವಾಲ್ವ್ ಮೂರು ದಿಕ್ಕಿಗೆ. ಒತ್ತಡದ ಮೀಟರ್ ಇರುವುದು ನಾಲ್ಕನೇ ಕಡೆ. ಮೀಟರ್ ಮುಂದೆ ನಿಂತವರು "ಎಡದ್ದು ಸ್ವಲ್ಪ ಬಿಡಿ, ಹಿಂದಿನದು ಬಿಗಿ ಮಾಡಿ" ಅಂತ ಹೇಳುತ್ತಲೇ ಇರಬೇಕು. ಮುಳ್ಳು ಹಸಿರು ಪಟ್ಟಿಯಲ್ಲಿ ನಿಂತರೆ ಬಾಗಿಲು ತೆಗೆಯುತ್ತದೆ. ನಮ್ಮ ತಂಡದಲ್ಲಿ ಮಾತೇ ಆಡದ ಹುಡುಗಿ ಒಬ್ಬಳಿದ್ದಳು. ಮೀಟರ್ ಅವಳ ಪಾಲಿಗೆ ಬಂತು. ಐದೇ ನಿಮಿಷದಲ್ಲಿ ಎಲ್ಲರನ್ನೂ ಆಡಿಸುವ ಕ್ಯಾಪ್ಟನ್ ಆಗಿದ್ದಳು. ಇದು ಥೀಮ್ ಮಾಡುವ ಕೆಲಸ.

ಈಜಿಪ್ಟ್ ಕೋಣೆಗಳು ಹೆಚ್ಚಿನವು ನಿರಾಸೆ. ಚಿತ್ರಲಿಪಿಯ ಒಂದು ಚಾರ್ಟ್ ಕೊಟ್ಟು, ಹಕ್ಕಿ ಅಂದರೆ ಎ, ಕಣ್ಣು ಅಂದರೆ ಬಿ ಅಂತ ಅಕ್ಷರ ಕೂಡಿಸಿ ಇಂಗ್ಲಿಷ್ ಶಬ್ದ ಬರೆಯಿರಿ ಅನ್ನುತ್ತಾರೆ. ಅಷ್ಟಕ್ಕೆ ಸಮಾಧಿಯೊಳಗೆ ಯಾಕೆ ಹೋಗಬೇಕು? ಬೆಂಚಿನ ಮೇಲೆ ಕೂತು ಮಾಡಿದರೂ ಆಗುತ್ತದೆ. ಸಣ್ಣ ಕನ್ನಡಿಗಳನ್ನು ತಿರುಗಿಸಿ ಬೆಳಕಿನ ಗೆರೆಯನ್ನು ಮೂಲೆಯಿಂದ ಮೂಲೆಗೆ ದಾಟಿಸುವ ಒಗಟು ಮಾತ್ರ ಚೆನ್ನ. ಕತ್ತಲ ಸಮಾಧಿಗೆ ಹೊಂದುತ್ತದೆ. ಬ್ಯಾಂಕ್ ದರೋಡೆಯ ಕೋಣೆಗಳಲ್ಲಿ ಹೊಗೆ ಬಿಟ್ಟು, ಕಾಣುವ ಲೇಸರ್ ಗೆರೆಗಳ ಕೆಳಗೆ ತೆವಳಿಸುತ್ತಾರೆ. ಮಕ್ಕಳಿಗೆ ಖುಷಿ.

ಹಾರರ್ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ. ಮೊದಲ ಸಲ ಆಡುವವರು ಅದನ್ನೇ ಆರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲ ಸಲಕ್ಕೆ ಅದು ಬೇಡ. ಹೆದರಿದವರು ಮೂಲೆ ಹಿಡಿದು ನಿಲ್ಲುತ್ತಾರೆ, ಹುಡುಕುವುದಿಲ್ಲ. ಧೈರ್ಯ ಇರುವ ಒಬ್ಬರೇ ಎಲ್ಲವನ್ನೂ ಬಿಡಿಸುತ್ತಾರೆ, ಉಳಿದವರು ಬರೀ ಕಿರುಚಿ ಬರುತ್ತಾರೆ. ಹಾಗಂತ ಎಲ್ಲ ಹಾರರ್ ಕೋಣೆಗಳೂ ಹಾಗಿಲ್ಲ. ಒಂದರಲ್ಲಿ ದೀಪವೇ ಇರಲಿಲ್ಲ. ಗೋಡೆಯ ಗೂಡುಗಳಲ್ಲಿ ಕೈಯಾಡಿಸಿ ಬಟ್ಟೆ, ಕೂದಲು, ಮರದ ಗೊಂಬೆ ಅಂತ ಮುಟ್ಟಿ ಗುರುತಿಸಬೇಕಿತ್ತು. ಅಲ್ಲಿ ಕತ್ತಲು ಹೆದರಿಸುವುದಕ್ಕೂ ಇತ್ತು, ಬಿಡಿಸುವುದಕ್ಕೂ ಇತ್ತು. ಅಂಥದ್ದಕ್ಕೆ ನೂರು ಕಿಲೋಮೀಟರ್ ಹೋಗಬಹುದು.

ಇನ್ನೊಂದು ವಿಷಯ ಹೇಳಲೇಬೇಕು. ಒಂದು ಕಡೆ ನಾವು ಸರಿಯಾದ ಜಾಗದಲ್ಲಿ ಸರಿಯಾದ ಮೂರ್ತಿ ಇಟ್ಟರೂ ಬಾಗಿಲು ತೆಗೆಯಲಿಲ್ಲ. ತಪ್ಪಿರಬೇಕು ಅಂದುಕೊಂಡು ಅರ್ಧ ಸಮಯ ಅದರಲ್ಲೇ ಕಳೆಯಿತು. ಕೊನೆಗೆ ಸಿಬ್ಬಂದಿ ಬಂದು ಸೆನ್ಸರ್ ಕೆಟ್ಟಿದೆ ಅಂದರು. ಇಂಥ ಒಗಟುಗಳಲ್ಲಿ ಮೂರ್ತಿಯ ತಳಕ್ಕೆ ಸಣ್ಣ ಅಯಸ್ಕಾಂತ ಅಂಟಿಸಿರುತ್ತಾರೆ. ಮೇಜಿನ ಕೆಳಗೆ ಅಯಸ್ಕಾಂತ ಹತ್ತಿರ ಬಂದರೆ ಕೆಲಸ ಮಾಡುವ ಸ್ವಿಚ್ ಇರುತ್ತದೆ. ಅಂಟು ಬಿಟ್ಟರೆ ಮುಗಿಯಿತು. ಸರಿ ಉತ್ತರಕ್ಕೆ ಬಾಗಿಲು ತೆಗೆಯದಿದ್ದರೆ ಆಡುವವರು ಆಮೇಲೆ ಯಾವ ಉತ್ತರವನ್ನೂ ನಂಬುವುದಿಲ್ಲ. ಆಟದ ಜೀವ ಹೋಗುವುದು ಅಲ್ಲೇ. ಅದಕ್ಕೇ ನನ್ನ ಕೋಣೆಯಲ್ಲಿ ವೈರು, ಸೆನ್ಸರ್ ಯಾವುದೂ ಬೇಡ ಅಂತ ಮೊದಲೇ ತೀರ್ಮಾನಿಸಿದೆ. ನಮ್ಮ ಕಡೆ ಗಾಳಿ ಬಂದರೆ ಕರೆಂಟೂ ಹೋಗುತ್ತದೆ ಬಿಡಿ.

ಅಟ್ಟಕ್ಕೆ ಯಾವ ಥೀಮ್? ಅಲ್ಲಿ ಏನಿದೆಯೋ ಅದೇ. ಹಳೆಯ ತಕ್ಕಡಿ, ಅಡಿಕೆ ಚೀಲ, ಬುಟ್ಟಿ, ಮರದ ಪೆಟ್ಟಿಗೆ, ಗೋಡೆಗೆ ತೂಗುಹಾಕಿದ ಪಂಚಾಂಗ. ಕತೆ ತಾನಾಗಿ ಬಂತು. ಅಡಿಕೆ ಒಯ್ಯುವ ಗಾಡಿ ಇನ್ನೊಂದು ಗಂಟೆಯಲ್ಲಿ ಶಿರಸಿ ಪೇಟೆಗೆ ಹೊರಡುತ್ತದೆ. ಲೆಕ್ಕದ ಚೀಟಿ ಪೆಟ್ಟಿಗೆಯಲ್ಲಿದೆ. ಅಜ್ಜ ಪೆಟ್ಟಿಗೆಗೆ ಬೀಗ ಹಾಕಿ ತೋಟಕ್ಕೆ ಹೋಗಿದ್ದಾನೆ. ಚೀಟಿ ತೆಗೆಯಬೇಕು. ಆಡುವವರು ಬೇಸಿಗೆ ರಜೆಗೆ ಬಂದ ನಮ್ಮ ಮನೆಯ ಮಕ್ಕಳು, ಪೇಟೆಯವರೂ ಊರಿನವರೂ ಸೇರಿ.

ಮೊದಲ ಒಗಟು ತಕ್ಕಡಿಯದ್ದು. ಒಂದು ಬುಟ್ಟಿಯಲ್ಲಿ ಚಾಲಿಯನ್ನೂ ಕೆಂಪಡಿಕೆಯನ್ನೂ ಬೆರೆಸಿ ಇಟ್ಟೆ. ಚಾಲಿ ಹಣ್ಣಡಿಕೆಯನ್ನು ಒಣಗಿಸಿ ಸುಲಿದದ್ದು, ಬಿಳಿಚು ಬಣ್ಣ. ಕೆಂಪಡಿಕೆ ಹಸಿರಿರುವಾಗಲೇ ಸುಲಿದು ಬೇಯಿಸಿ ಒಣಗಿಸಿದ್ದು. ಲೆಕ್ಕದ ಪುಸ್ತಕದಲ್ಲಿ "ಚಾಲಿ ಬಲಕ್ಕೆ, ಕೆಂಪು ಎಡಕ್ಕೆ" ಅಂತ ಒಂದು ಸಾಲು. ತೂಗುಹಾಕಿದ ತಕ್ಕಡಿಯ ಹಿಂದೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕಮಾನಿನಂತೆ ಅಂಕಿಗಳು. ಸರಿಯಾಗಿ ವಿಂಗಡಿಸಿ ಎರಡೂ ತಟ್ಟೆಗೆ ಸುರಿದರೆ ತಕ್ಕಡಿಯ ಮುಳ್ಳು ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ಆ ಅಂಕಿಯ ಪುಟ ತೆಗೆದರೆ ಎರಡನೇ ಒಗಟು. ಅಂಕಿಗಳ ನಡುವೆ ಸಾಕಷ್ಟು ಜಾಗ ಬಿಡಿ. ನಾಲ್ಕು ಅಡಿಕೆ ಆಚೀಚೆ ಆದರೂ ಮುಳ್ಳು ಮುಂದಿನ ಅಂಕಿಗೆ ಹೋಗಬಾರದು. ಮಳೆಗಾಲದಲ್ಲಿ ಆಡಿಸುವವರಿಗೆ ಒಂದು ಎಚ್ಚರಿಕೆ: ಅಡಿಕೆ ತೇವ ಎಳೆದುಕೊಂಡು ತೂಕ ಬದಲಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಆಟಕ್ಕೆ ಸ್ವಲ್ಪ ಮೊದಲು ತೆಗೆಯಬೇಕು.

ಎರಡನೇ ಒಗಟು ನನಗೆ ಹೆಮ್ಮೆಯದು. ಆ ಪುಟದಲ್ಲಿ ತೋಟದ ಕೆಲಸದ ಟಿಪ್ಪಣಿ, ಮಳೆ ನಕ್ಷತ್ರಗಳ ಲೆಕ್ಕದಲ್ಲಿ. ಭರಣಿಗೆ ಬಸಿಗಾಲುವೆ ತೆಗೆಸುವುದು. ಮೃಗಶಿರಕ್ಕೆ ಕೊಳೆಗೆ ಮೊದಲ ಮದ್ದು. ಪುಷ್ಯಕ್ಕೆ ಎರಡನೇ ಮದ್ದು. ಅಡಿಕೆ ಬೆಳೆಯುವ ಮನೆಗಳಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ಮದ್ದು ಹೊಡೆಯುವುದು ಹೀಗೇ, ಮಳೆ ಜೋರಾಗುವ ಮುಂಚೆ ಒಮ್ಮೆ, 40-45 ದಿನ ಕಳೆದು ಮತ್ತೊಮ್ಮೆ. ಮೃಗಶಿರ ಮಳೆ ಜೂನ್ ಮೊದಲ ಭಾಗದಲ್ಲಿ ಶುರು, ಪುಷ್ಯ ಜುಲೈ 20ರ ಸುಮಾರಿಗೆ. ಲೆಕ್ಕ ಸರಿಯಾಗಿ ಕೂಡುತ್ತದೆ. ಪೆಟ್ಟಿಗೆಗೆ ಮೂರಂಕಿಯ ಬೀಗ. ಅಶ್ವಿನಿಯಿಂದ ಎಣಿಸಿದರೆ ಭರಣಿ 2, ಮೃಗಶಿರ 5, ಪುಷ್ಯ 8. ಅಂಕಿ ಬೀಗವೇ ಹೌದು, ಆದರೆ ಅಂಕಿ ಬಂದದ್ದು ಆ ಮನೆಯ ಕೆಲಸದಿಂದ.

ಇಲ್ಲಿ ಒಂದು ನಿಯಮ ಬಿಡಲಿಲ್ಲ. ಹೊರಗಿನ ಜ್ಞಾನ ಬೇಕಾಗುವ ಒಗಟು ಇಡಬಾರದು. ಬೇಕಾದದ್ದೆಲ್ಲ ಕೋಣೆಯೊಳಗೇ ಸಿಗಬೇಕು. ನಕ್ಷತ್ರಗಳ ಹೆಸರು ಗೊತ್ತಿಲ್ಲದ ಮಕ್ಕಳಿಗೆ ಪಂಚಾಂಗ ಇತ್ತು. 27 ಹೆಸರೂ ಅದರಲ್ಲಿ ಸಾಲಾಗಿ ಇವೆ. ಪೇಟೆಯ ಹುಡುಗ ಪಂಚಾಂಗದ ಪುಟ ಮಗುಚುತ್ತಿದ್ದ. ಅಷ್ಟರಲ್ಲಿ ನನ್ನ ಅಕ್ಕನ ಮಗಳು ಬೆರಳು ಮಡಚುತ್ತ ಎಣಿಸಿಬಿಟ್ಟಳು. ಅವಳಿಗೆ ಅಜ್ಜಿಯ ಬಾಯಿಂದ ಕೇಳಿ ಕೇಳಿ ಬಾಯಿಪಾಠ. "ಮಾವ, ಮೃಗಶಿರ ಐದನೇದು ಅಲ್ದಾ?" ಅಂತ ಅಟ್ಟದಿಂದಲೇ ಕೂಗಿದಳು. ನಾನು ಉತ್ತರ ಕೊಡಲಿಲ್ಲ. "ನಮ್ಮಲ್ಲೇ ಇದ್ದಲಾ, ನೋಡು!" ಅಂತ ಆ ಹುಡುಗ ಪಂಚಾಂಗದ ಮೇಲೆ ಬೆರಳಿಟ್ಟು ತೋರಿಸಿದ. ಗೊತ್ತಿದ್ದವಳು ಬೇಗ ಹೇಳಿದಳು, ಗೊತ್ತಿಲ್ಲದವನು ಹುಡುಕಿ ಖಾತ್ರಿ ಮಾಡಿದ. ಇಬ್ಬರಿಗೂ ಕೆಲಸ ಸಿಕ್ಕಿತು. ಒಗಟು ಹೀಗೆ ಕೂಡಿಬಂದರೆ ಕಟ್ಟಿದವನಿಗೆ ಆಗುವ ಸಂತೋಷ ದೊಡ್ಡದು.

ಗೇಮ್ ಮಾಸ್ಟರ್ ಕೆಲಸಕ್ಕೆ ಕ್ಯಾಮೆರಾ ಬೇಕಾಗಲಿಲ್ಲ. ಅಟ್ಟದ ಹಲಗೆಯ ಕೆಳಗೇ ನನ್ನ ಕುರ್ಚಿ. ಮಾತೆಲ್ಲ ಕೇಳುತ್ತದೆ. ಸುಳಿವು ಕೇಳಿದರೆ ಚೀಟಿ ಬರೆದು ಸಣ್ಣ ಬುಟ್ಟಿಯಲ್ಲಿಡುತ್ತಿದ್ದೆ, ಅವರು ಹಗ್ಗದಲ್ಲಿ ಮೇಲೆಳೆದುಕೊಳ್ಳುತ್ತಿದ್ದರು. ಸುಳಿವಿನಲ್ಲಿ ಉತ್ತರ ಬರೆಯಬೇಡಿ, ಎಲ್ಲಿ ನೋಡಬೇಕು ಅಂತ ಮಾತ್ರ ಬರೆಯಿರಿ. ಆಟಕ್ಕೆ ಸೇರದ ಸಾಮಾನಿಗೆಲ್ಲ ಒಂದು ಹಳೆ ಬಟ್ಟೆ ಹೊದಿಸಿ, ಇದನ್ನು ಮುಟ್ಟಬೇಡಿ ಅಂತ ಮೊದಲೇ ಹೇಳಿ. ಇಲ್ಲವಾದರೆ ಮಕ್ಕಳು ಅಟ್ಟ ಬುಡಮೇಲು ಮಾಡಿ ಸುಮ್ನೆ ಸುಸ್ತಾಗುತ್ತಾರೆ. ಮನೆಯವರಲ್ಲದ ಒಬ್ಬರನ್ನು ಮೊದಲು ಆಡಿಸಿ, ನೀವು ತುಟಿ ಬಿಚ್ಚದೆ ಕೂತು ಕೇಳಿ. ಅವರ ಮಾತು ನಿಂತ ಕಡೆ ಒಗಟು ತಿದ್ದಬೇಕು.

ಬಾಗಿಲಿಗೆ ಮಾತ್ರ ಯಾವತ್ತೂ ನಿಜವಾದ ಬೀಗ ಹಾಕಬಾರದು. 2019ರ ಜನವರಿಯಲ್ಲಿ ಪೋಲೆಂಡಿನ ಕೊಶಾಲಿನ್ ಪಟ್ಟಣದ ಎಸ್ಕೇಪ್ ರೂಮಿನಲ್ಲಿ ಬೆಂಕಿ ಬಿದ್ದು 15 ವರ್ಷದ ಐವರು ಹುಡುಗಿಯರು ತೀರಿಕೊಂಡರು. ಅವರಿಗೆ ಹೊರಬರಲು ದಾರಿಯೇ ಸಿಗಲಿಲ್ಲ. ಆ ಸುದ್ದಿ ಓದಿದ ಮೇಲೆ ನಾನು ಯಾವ ಕೋಣೆಗೆ ಹೋದರೂ ಮೊದಲು ಕೇಳುವುದು "ತುರ್ತಿಗೆ ಹೊರಗೆ ಹೋಗುವುದು ಹೇಗೆ?" ಅಂತ. ಕರೆಂಟ್ ಹೋದರೆ ತಾನಾಗಿ ತೆರೆಯುವ ಬೀಗ, ಒಳಗೇ ಒಂದು ತುರ್ತು ಗುಂಡಿ, ಇವೆರಡೂ ಇಲ್ಲದ ಕಡೆ ನಾನು ಆಡುವುದಿಲ್ಲ. ನೀವೂ ಆಡಬೇಡಿ. ನಮ್ಮ ಅಟ್ಟದಲ್ಲಿ ಬೀಗ ಇದ್ದದ್ದು ಪೆಟ್ಟಿಗೆಗೆ, ಏಣಿಯ ಬಾಯಿ ಸದಾ ತೆರೆದಿತ್ತು. ದೀಪಕ್ಕೆ ಟಾರ್ಚ್ ಮಾತ್ರ. ಒಣ ಅಡಿಕೆ, ಗೋಣಿಚೀಲ ಇರುವ ಕಡೆ ಮೇಣದಬತ್ತಿ ಚೆಂದ ಕಾಣುತ್ತದೆ ಅಂತ ಹಚ್ಚಬಾರದು.

ನಮ್ಮ ಜಿಲ್ಲೆಯಲ್ಲಿ ಥೀಮಿಗೆ ಬರವಿಲ್ಲ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆ ಇದೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕತೆ ಇದೆ. ಮೆಣಸಿನ ಚೀಲ, ಹಡಗಿನ ಲೆಕ್ಕ, ಕೋಟೆಯ ಬಾವಿ ಇಟ್ಟುಕೊಂಡು ಯಾರಾದರೂ ದೊಡ್ಡದಾಗಿ ಒಂದು ಕೋಣೆ ಕಟ್ಟಿದರೆ ಮೊದಲ ಟಿಕೆಟ್ ನನ್ನದು. ನಾನು ಈಗ ಕೈಹಾಕಿರುವುದು ಚಿಕ್ಕದಕ್ಕೆ. ಕಾರವಾರದಲ್ಲಿರುವ ತಂಗಿಯ ಮನೆಯಲ್ಲಿ ದೀಪಸ್ತಂಭದ ಆಟ. ಒಂದೊಂದು ದೀಪಸ್ತಂಭ ಒಂದೊಂದು ಲಯದಲ್ಲಿ ಮಿನುಗುತ್ತದೆ. ರಾತ್ರಿ ದೋಣಿಯವರು ಆ ಲಯ ಎಣಿಸಿಯೇ ತಾವು ಎಲ್ಲಿದ್ದೇವೆ ಅಂತ ತಿಳಿಯುತ್ತಾರೆ. ಒಂದು ತಂಡ ಮಹಡಿಯಲ್ಲಿ ಟಾರ್ಚ್ ಹಿಡಿದು ದೀಪಸ್ತಂಭ, ಇನ್ನೊಂದು ತಂಡ ಅಂಗಳದಲ್ಲಿ ನಕ್ಷೆ ಹಿಡಿದು ದೋಣಿ. ಇಬ್ಬರೂ ಮಾತಾಡುವಂತಿಲ್ಲ. ಸದ್ಯ ಟಾರ್ಚಿನ ಮುಂದೆ ರಟ್ಟು ಸರಿಸಿ ಲಯ ಸರಿಯಾಗಿ ಬರುವಂತೆ ಮಾಡುತ್ತಿದ್ದೇನೆ. ಎಣಿಸಲು ಸಿಗಬೇಕಾದರೆ ಎರಡು ಮಿನುಗಿನ ನಡುವೆ ಎಷ್ಟು ಬಿಡಬೇಕು ಅನ್ನುವುದನ್ನು ತಂಗಿಯ ಮಗನೇ ಅಂಗಳದಲ್ಲಿ ನಿಂತು ಹೇಳುತ್ತಿದ್ದಾನೆ.