ಎಕೋ ಇರುವ ಮನೆಯವರು ಇದನ್ನೊಮ್ಮೆ ನೋಡಿ

ಮನೆಯಲ್ಲಿ ಅಮೆಜಾನ್ ಎಕೋ, ಅಂದರೆ ಮಾತಿನಲ್ಲೇ ಆಜ್ಞೆ ಪಾಲಿಸುವ ಸ್ಪೀಕರ್, ಇಟ್ಟುಕೊಂಡವರಿಗೆ ಒಂದು ಕಿವಿಮಾತು. 'ಅಲೆಕ್ಸಾ' ಎಂಬ ಕರೆಗಾಗಿ ಅದು ಸದಾ ಕಿವಿ ತೆರೆದಿರುತ್ತದೆ. ಧಾರಾವಾಹಿಯ ಯಾವುದೋ ಮಾತನ್ನೇ ಕರೆಯೆಂದು ತಿಳಿದು ಎಚ್ಚರಗೊಂಡರೆ ಆಮೇಲಿನ ಮಾತು ಕಂಪನಿಯ ಸರ್ವರಿಗೆ ಹೋಗುತ್ತದೆ. ಫೋನಿನ ಅಲೆಕ್ಸಾ ಆ್ಯಪ್‌ನ 'ಅಲೆಕ್ಸಾ ಪ್ರೈವಸಿ' ವಿಭಾಗದಲ್ಲಿ ಹಳೆಯ ಧ್ವನಿಮುದ್ರಣಗಳ ಪಟ್ಟಿಯಿದೆ. ನಂಬಿಕೆ ಬರದಿದ್ದರೆ ಒಂದೆರಡನ್ನು ಕೇಳಿ ನೋಡಿ. ಅಲ್ಲೇ ಅವನ್ನು ಅಳಿಸಿ, ಮುಂದೆಯೂ ಉಳಿಸಿಕೊಳ್ಳದಂತೆ ಆಯ್ಕೆ ಬದಲಿಸಿ.

ಆ್ಯಪಲ್ ಫೋನಿನ ಧ್ವನಿ ಸಹಾಯಕಿ ಸಿರಿಯನ್ನು ಬಳಸುವವರೂ ಬೀಗಬೇಕಿಲ್ಲ: ಬಳಕೆದಾರರ ಮಾತಿನ ತುಣುಕುಗಳನ್ನು ಗುತ್ತಿಗೆ ನೌಕರರು ಆಲಿಸುತ್ತಿದ್ದುದು 2019ರಲ್ಲಿ ಬಯಲಾಗಿ ಆ್ಯಪಲ್ ಕ್ಷಮೆ ಕೇಳಬೇಕಾಯಿತು.

ನನಗೆ ಹಿಡಿಸಿದ ಉಪಾಯ ಇನ್ನೂ ಸರಳ. ಬ್ಯಾಂಕು, ಕಾಯಿಲೆ, ಮದುವೆ ಮಾತುಕತೆ ಶುರುವಾದಾಗ ಎಕೋ ಮೇಲಿನ ಮೈಕ್ ಗುಂಡಿ ಒತ್ತಿಬಿಡುವುದು. ಕೆಂಪು ದೀಪ ಹತ್ತಿದರೆ ಮೈಕ್ ಬಂದ್ ಆಗಿದೆ ಎಂದರ್ಥ.